ಶಾಸನಸಭೆಯ ಕೊನೆಯ ದಿನಗಳ ಮಾತು: ಅಂಬೇಡ್ಕರರ ಎರಡು ನಿವೇದನೆಗಳ ವಿಮರ್ಶೆ

೧

ನಮ್ಮ ಪ್ರಾಚೀನ ಕಾವ್ಯಗಳು ಮುಗಿಯುವಲ್ಲಿ ಫಲಶ್ರುತಿಯನ್ನು ಹೇಳಿ ಮಂಗಳವನ್ನು ಹಾಡುವುದು ವಾಡಿಕೆ. ಓದಿದವರಿಗೂ ಕೇಳಿದವರಿಗೂ ದೊರೆಯುವ ಪುಣ್ಯವೆಂತಹುದೆಂಬುದನ್ನು ಕವಿ ಅಲ್ಲಿ ತಿಳಿಸುತ್ತಾನೆ. ತಾನು ಹೇಳದೆ ಬಿಟ್ಟುದೆಷ್ಟು, ತನ್ನ ಕೈಗೆ ಎಟುಕದೆ ಹೋದುದೆಷ್ಟು ಎಂಬುದನ್ನು ಅಲ್ಲಿ ಎಣಿಸುವ ಪದ್ಧತಿಯಿಲ್ಲ. ಶಾಸನಸಭೆಯೊಂದರ ಅವಧಿ ಮುಗಿಯುವ ದಿನಗಳಲ್ಲಿ ಸದಸ್ಯರು ಆಡುವ ಮಾತುಗಳೂ ಬಹುಮಟ್ಟಿಗೆ ಈ ಜಾತಿಗೇ ಸೇರಿದವು. ಸಭಾಧ್ಯಕ್ಷರಿಗೆ ಕೃತಜ್ಞತೆ, ಕಾರ್ಯದರ್ಶಿ ವರ್ಗಕ್ಕೆ ವಂದನೆ, ಎದುರು ಪಕ್ಷದವರ ವಿಷಯದಲ್ಲಿ ಸೌಜನ್ಯದ ಎರಡು ನುಡಿ, ಮಾಡಿದ ಕಾರ್ಯದ ವಿಷಯದಲ್ಲಿ ಹೆಮ್ಮೆ, ಮುಂದಿನ ಸಭೆಗೆ ಹರಕೆ: ಇಷ್ಟಾದರೆ ಮಂಗಳವಾಯಿತು. ಇಂತಹ ಮಾತುಗಳು ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. ಐದು ವರ್ಷಗಳ ಕಾಲ ಪರಸ್ಪರ ವಾದಿಸಿದವರು ಬೀಳ್ಕೊಳ್ಳುವಾಗ ಮನಸ್ಸಿನ ಕಹಿಯನ್ನು ಕಳೆದುಕೊಳ್ಳುವುದು ಒಳ್ಳೆಯದೇ. ಆದರೆ ಅವುಗಳನ್ನು ಸಾಹಿತ್ಯವೆಂದೋ ರಾಜ್ಯಶಾಸ್ತ್ರದ ಆಕರವೆಂದೋ ಕೈಗೆತ್ತಿಕೊಂಡವರಿಗೆ ಅವು ಹೆಚ್ಚಿನದೇನನ್ನೂ ಕೊಡುವುದಿಲ್ಲ.

ಇದಕ್ಕಿಂತ ಭಿನ್ನವಾದ ಇನ್ನೊಂದು ಜಾತಿಯ ಮಾತು ಉಂಟು. ಅದು ಮಂಗಳದ ಮಾತಲ್ಲ, ಲೆಕ್ಕದ ಮಾತು. ಶ್ಯಾನುಭೋಗನು ತನ್ನ ಅಧಿಕಾರವನ್ನು ಮುಂದಿನವನಿಗೆ ವಹಿಸಿಕೊಡುವಾಗ ಜಮೆಯನ್ನು ಮಾತ್ರವೇ ಓದಿ ಹೇಳಿದರೆ ಸಾಲದು. ಬಾಕಿಯನ್ನೂ ಓದಿ ಹೇಳಬೇಕು. ಅಂತೆಯೇ, ತನ್ನ ಸಭೆ ಏನನ್ನು ಸಾಧಿಸಿತೆಂಬುದರ ಜೊತೆಗೆ ಏನನ್ನು ಸಾಧಿಸಲಾರದೆ ಹೋಯಿತೆಂಬುದನ್ನೂ ಹೇಳಿ, ಆ ಬಾಕಿಯನ್ನು ಯಾರು ತೀರಿಸಬೇಕೆಂದು ಗೊತ್ತುಮಾಡುವ ಭಾಷಣ ಈ ಎರಡನೆಯ ಜಾತಿಗೆ ಸೇರುತ್ತದೆ. ಡಾಕ್ಟರ್ ಭೀಮರಾವ್ ಅಂಬೇಡ್ಕರರು ೧೯೪೯ರ ನವೆಂಬರ್ ೨೫ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾಡಿದ ಭಾಷಣವೂ, ೧೯೫೧ರ ಅಕ್ಟೋಬರ್ ತಿಂಗಳಲ್ಲಿ ಮಂತ್ರಿಪದವಿಯನ್ನು ಬಿಟ್ಟಾಗ ಹೊರಡಿಸಿದ ಹೇಳಿಕೆಯೂ ಇದಕ್ಕೆ ನಿದರ್ಶನಗಳು. ಮೊದಲನೆಯದು ಎಲ್ಲರಿಗೂ ಪರಿಚಿತವಾದುದು. ಎರಡನೆಯದನ್ನು ಓದಿದವರು ಕಡಮೆ. ಇವೆರಡೂ ಒಂದೇ ಲೆಕ್ಕದ ಎರಡು ಪುಟಗಳೆಂಬುದನ್ನೂ, ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಓದಿದರೆ ಅದರ ಅರ್ಥ ಕುಗ್ಗುವುದೆಂಬುದನ್ನೂ ಪ್ರಸ್ತುತ ಲೇಖನದಲ್ಲಿ ತೋರಿಸಲು ಉದ್ದೇಶಿಸಿದ್ದೇವೆ.

೨

ಮೊದಲು ಸಂದರ್ಭವನ್ನು ಸ್ಮರಿಸಿಕೊಳ್ಳುವುದು ಅವಶ್ಯ. ಸಂವಿಧಾನ ರಚನಾ ಸಭೆ ಮೊತ್ತಮೊದಲು ಸೇರಿದುದು ೧೯೪೬ರ ಡಿಸೆಂಬರ್ ೯ರಂದು. ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಅಂಬೇಡ್ಕರರು ಕರಡನ್ನು ೧೯೪೮ರ ನವೆಂಬರ್ ೪ರಂದು ಸಭೆಯ ಮುಂದಿಟ್ಟರು. ವಿಧಿವಿಧಿಯಾಗಿ ನಡೆದ ಚರ್ಚೆ ಮುಗಿದು ೧೯೪೯ರ ನವೆಂಬರಿನ ಮಧ್ಯಭಾಗದಲ್ಲಿ ಮೂರನೆಯ ವಾಚನ ಆರಂಭವಾಯಿತು. ಈ ಘಟ್ಟದಲ್ಲಿ ವಿಧಿಗಳನ್ನು ತಿದ್ದುವ ಅವಕಾಶ ಹೆಚ್ಚಾಗಿ ಇರಲಿಲ್ಲ; ಒಟ್ಟಾರೆ ಕೃತಿಯನ್ನು ಕುರಿತು ಅಭಿಪ್ರಾಯ ಹೇಳುವುದಷ್ಟೆ ಉಳಿದಿತ್ತು. ಹೀಗಾಗಿ ಆ ಕೊನೆಯ ದಿನಗಳ ಚರ್ಚೆ ಸಹಜವಾಗಿಯೇ ಸಿಂಹಾವಲೋಕನದ ರೂಪವನ್ನು ತಾಳಿತು. ಒಬ್ಬೊಬ್ಬ ಸದಸ್ಯರೂ ತಮ್ಮ ಸಂತೋಷವನ್ನೂ ಕೊರಗನ್ನೂ ಅಲ್ಲಿ ನಿವೇದಿಸಿಕೊಂಡರು.

ಈ ನಿವೇದನೆಗಳಲ್ಲಿ ಎರಡನ್ನು ಇಲ್ಲಿ ಉಲ್ಲೇಖಿಸುವುದು ಉಚಿತ. ಮೈಸೂರಿನ ಪ್ರತಿನಿಧಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರು, ತಾವು ಬಯಸಿದುದು ವೀಣೆಯ ಅಥವಾ ಸಿತಾರಿನ ನಾದವನ್ನು, ಕಿವಿಗೆ ಬಿದ್ದುದು ಇಂಗ್ಲಿಷ್ ವಾದ್ಯಮೇಳದ ಗದ್ದಲವನ್ನು ಎಂಬರ್ಥದ ಮಾತನ್ನಾಡಿದರು. ಸಂವಿಧಾನದ ರೂಪ ನೆಲದ ಪರಂಪರೆಗೆ ಹೊರತಾದುದೆಂಬುದು ಅವರ ಕೊರಗು. ಸಭೆಯ ಅಧ್ಯಕ್ಷರಾದ ಬಾಬು ರಾಜೇಂದ್ರ ಪ್ರಸಾದರು ನವೆಂಬರ್ ೨೬ರಂದು ಸಮಾರೋಪ ಮಾಡುತ್ತ ಎರಡು ವ್ಯಥೆಗಳನ್ನು ಹೇಳಿಕೊಂಡರು. ಶಾಸನಗಳನ್ನು ಜಾರಿಗೆ ತರುವವರಿಗೆ ಉನ್ನತ ಯೋಗ್ಯತೆಗಳನ್ನು ವಿಧಿಸಿ, ಶಾಸನಗಳನ್ನು ಮಾಡುವವರಿಗೆ ಯಾವ ಯೋಗ್ಯತೆಯನ್ನೂ ವಿಧಿಸಲಾಗಲಿಲ್ಲವೆಂಬುದು ಒಂದು. ಸ್ವತಂತ್ರ ಭಾರತದ ಮೊದಲ ಸಂವಿಧಾನವನ್ನು ಭಾರತೀಯ ಭಾಷೆಯೊಂದರಲ್ಲಿ ರಚಿಸಲಾಗಲಿಲ್ಲವೆಂಬುದು ಮತ್ತೊಂದು. ಇವರಿಬ್ಬರೂ ಬರಿಯ ಮಂಗಳವನ್ನು ಹಾಡಲಿಲ್ಲ, ಬಾಕಿಯನ್ನೂ ಹೇಳಿದರು. ಆದರೆ ಇವರು ಹೇಳಿದ ಬಾಕಿ ಕೃತಿಯೊಳಗಿನದು. ಸಂವಿಧಾನದಲ್ಲಿ ಏನು ಇರಬೇಕಾಗಿತ್ತು, ಅದು ಯಾವ ಸ್ವರದಲ್ಲಿ, ಯಾವ ನುಡಿಯಲ್ಲಿ ಇರಬೇಕಾಗಿತ್ತು ಎಂಬುದೇ ಇಬ್ಬರ ಚಿಂತೆ. ಅಂಬೇಡ್ಕರರು ಹೇಳಿದ ಬಾಕಿಯಾದರೋ ಕೃತಿಯ ಹೊರಗಿನದು. ಸಂವಿಧಾನ ಎಷ್ಟೇ ಸರಿಯಾಗಿದ್ದರೂ ತೀರದೆ ಉಳಿಯುವ ಋಣವೊಂದಿದೆಯೆಂದು ಅವರು ಹೇಳಿದರು. ಅವರ ಭಾಷಣದ ವೈಶಿಷ್ಟ್ಯ ಇಲ್ಲಿಂದಲೇ ಆರಂಭವಾಗುತ್ತದೆ.

೩

ನವೆಂಬರ್ ೨೫ರ ಭಾಷಣದಿಂದ ಸಾಮಾನ್ಯವಾಗಿ ನಮ್ಮ ತರಗತಿಗಳಲ್ಲಿ ಉದ್ಧರಿಸಲ್ಪಡುವುದು ಮೂರು ಎಚ್ಚರಿಕೆಗಳು ಮಾತ್ರ. ಇದರಿಂದ ಆ ಭಾಷಣ ಋಷಿಯೊಬ್ಬನ ಭವಿಷ್ಯವಾಣಿಯೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಉಂಟಾಗುತ್ತದೆ. ಇಡಿಯ ಭಾಷಣವನ್ನು ಓದಿದವರಿಗೆ ಈ ಭಾವನೆ ನಿಲ್ಲುವುದಿಲ್ಲ. ಏಕೆಂದರೆ ಅದು ಆರಂಭವಾಗುವುದೇ ಅಂಕಿಗಳಿಂದ. ಸಭೆಗೆ ಹಿಡಿದ ಕಾಲ ಎರಡು ವರ್ಷ, ಹನ್ನೊಂದು ತಿಂಗಳು, ಹದಿನೇಳು ದಿನ. ನಡೆದ ಅಧಿವೇಶನಗಳು ೧೧. ಕುಳಿತ ದಿನಗಳು ೧೬೫, ಅವುಗಳಲ್ಲಿ ಕರಡಿನ ಪರಿಶೀಲನೆಗೆ ಸಂದವು ೧೧೪. ಸೂಚಿಸಲ್ಪಟ್ಟ ತಿದ್ದುಪಡಿಗಳು ೭,೬೩೫, ಸಭೆಯಲ್ಲಿ ನಿಜವಾಗಿ ಮಂಡಿಸಲ್ಪಟ್ಟವು ೨,೪೭೩. ಸಭೆ ಕಾಲಹರಣ ಮಾಡಿತೆಂಬ ಆಕ್ಷೇಪ ಹೊರಗೆ ಕೇಳಿಬಂದಿತ್ತು. ಅದಕ್ಕೆ ಉತ್ತರವಾಗಿ ಅಮೆರಿಕ, ಕೆನಡಾ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳ ಸಂವಿಧಾನ ರಚನೆಗೆ ಹಿಡಿದ ಅವಧಿಯನ್ನು ಅವರು ಹೋಲಿಸಿ ತೋರಿಸಿದರು. ಇದು ಪ್ರವಾದಿಯ ರೀತಿಯಲ್ಲ; ಲೆಕ್ಕ ಒಪ್ಪಿಸುವವನ ರೀತಿ.

ಅನಂತರದ ಭಾಗ ಋಣಸ್ವೀಕಾರ. ಪರಿಶಿಷ್ಟ ಜಾತಿಗಳ ಹಿತವನ್ನು ರಕ್ಷಿಸಿಕೊಳ್ಳುವುದಕ್ಕಿಂತ ಹೆಚ್ಚಿನ ಆಸೆಯಿಂದ ತಾವು ಈ ಸಭೆಗೆ ಬಂದಿರಲಿಲ್ಲವೆಂದೂ, ಕರಡು ಸಮಿತಿಗೆ ಆಯ್ಕೆಯಾದುದೇ ತಮಗೆ ಆಶ್ಚರ್ಯವಾಯಿತೆಂದೂ ಅವರು ಹೇಳಿದರು. ತಮಗೆ ಸಲ್ಲಿಸಲಾದ ಕೀರ್ತಿಯಲ್ಲಿ ಸಂವಿಧಾನ ಸಲಹೆಗಾರರಾದ ಬೆನಗಲ್ ನರಸಿಂಗ ರಾಯರಿಗೂ, ಕರಡಿನ ವಾಕ್ಯಗಳನ್ನು ಹೊಂದಿಸಿದ ಎಸ್. ಎನ್. ಮುಖರ್ಜಿಯವರಿಗೂ ಪಾಲುಂಟೆಂದರು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ನರಸಿಂಗ ರಾಯರ ಹೆಸರು ಈ ಲೇಖನದಲ್ಲಿ ಮತ್ತೊಮ್ಮೆ ಬರಲಿದೆ. ಇನ್ನೂ ಗಮನಾರ್ಹವಾದುದೆಂದರೆ, ಸಭೆಯಲ್ಲಿ ತಮ್ಮನ್ನು ಬಿಡದೆ ಎದುರಿಸಿದ ಕಾಮತ್, ಕೆ. ಟಿ. ಶಾ, ಕುಂಜ್ರು ಮೊದಲಾದವರನ್ನು ಹೆಸರು ಹೇಳಿ ನೆನೆದುದು. ಅವರ ಆಕ್ಷೇಪಗಳನ್ನು ತಾವು ಒಪ್ಪದಿದ್ದರೂ ಅವು ಇಲ್ಲದಿದ್ದಲ್ಲಿ ಸಂವಿಧಾನದ ತತ್ತ್ವಗಳನ್ನು ವಿವರಿಸುವ ಅವಕಾಶವೇ ತಮಗೆ ಒದಗುತ್ತಿರಲಿಲ್ಲವೆಂಬುದು ಅವರ ಅಭಿಪ್ರಾಯ. ಬೀಳ್ಕೊಡುಗೆಯ ಸೌಜನ್ಯವೂ ಇಲ್ಲಿ ಲೆಕ್ಕದ ಒಂದು ಬಾಬಾಗಿದೆ.

ಜಮೆಯನ್ನು ಹೀಗೆ ಓದಿ ಮುಗಿಸಿದ ಮೇಲೆ ಬಾಕಿಯ ಭಾಗ ಬರುತ್ತದೆ. ಭಾರತ ಹಿಂದೆ ಸ್ವಾತಂತ್ರ್ಯವನ್ನು ಕಳೆದುಕೊಂಡುದು ತನ್ನವರ ದ್ರೋಹದಿಂದ, ಹಿಂದೆ ಗಣರಾಜ್ಯಗಳೂ ಇಲ್ಲಿದ್ದುವು, ಬೌದ್ಧ ಭಿಕ್ಷು ಸಂಘಗಳಲ್ಲಿ ಗೊತ್ತುವಳಿ, ಗಣಪೂರ್ತಿ, ಮತದಾನಗಳ ನಿಯಮಗಳೂ ಇದ್ದುವು, ಅವೆಲ್ಲವೂ ಕೈಬಿಟ್ಟುಹೋದುವು. ಎರಡನೆಯ ಸಲ ಹಾಗಾಗಬಾರದೆಂದಾದರೆ ಮೂರು ಕೆಲಸಗಳನ್ನು ಮಾಡಬೇಕು: ಸಂವಿಧಾನಬದ್ಧ ಮಾರ್ಗಗಳನ್ನೇ ಹಿಡಿಯಬೇಕು, ವ್ಯಕ್ತಿಯ ಪಾದಗಳಲ್ಲಿ ಸ್ವಾತಂತ್ರ್ಯವನ್ನು ಒಪ್ಪಿಸುವ ಭಕ್ತಿಯನ್ನು ರಾಜಕೀಯದಿಂದ ದೂರವಿಡಬೇಕು, ರಾಜಕೀಯ ಪ್ರಜಾಪ್ರಭುತ್ವವನ್ನು ಸಾಮಾಜಿಕ ಪ್ರಜಾಪ್ರಭುತ್ವವಾಗಿ ಬೆಳೆಸಬೇಕು.

ಮೊದಲನೆಯ ಎಚ್ಚರಿಕೆಯಲ್ಲಿ ಬರುವ ರೂಪಕವೊಂದನ್ನು ಇಲ್ಲಿ ಪರಿಶೀಲಿಸಬೇಕು. ಸಂವಿಧಾನಬದ್ಧ ಮಾರ್ಗಗಳು ತೆರೆದಿರುವಾಗ ಅಸಹಕಾರ, ಸತ್ಯಾಗ್ರಹಾದಿ ಉಪಾಯಗಳನ್ನು ಹಿಡಿಯುವುದು ಅರಾಜಕತೆಯ ವ್ಯಾಕರಣವಲ್ಲದೆ ಬೇರಲ್ಲ ಎಂದು ಅವರು ಹೇಳಿದರು. ಈ ಉಪಾಯಗಳನ್ನು ಅರಾಜಕತೆಯೆಂದೇ ಅವರು ಕರೆಯಲಿಲ್ಲ, ಅದರ ವ್ಯಾಕರಣವೆಂದರು ಎಂಬುದು ಗಮನಾರ್ಹ. ವ್ಯಾಕರಣವನ್ನು ಕಲಿತವನು ಆ ಕೂಡಲೇ ಆ ಭಾಷೆಯನ್ನು ಆಡುತ್ತಾನೆಂದಲ್ಲ. ಆದರೆ ಆಡುವ ಶಕ್ತಿಯನ್ನು ಪಡೆಯುತ್ತಾನೆ. ಉದ್ದೇಶ ಒಳ್ಳೆಯದಾಗಿದ್ದಾಗ ಅಭ್ಯಾಸವಾದ ನಿಯಮ, ಉದ್ದೇಶ ಕೆಟ್ಟಾಗಲೂ ನಾಲಗೆಯ ಮೇಲೆ ನಿಲ್ಲುತ್ತದೆ ಎಂಬುದೇ ಅಲ್ಲಿನ ಧ್ವನಿ. ೧೯೨೭ರಲ್ಲಿ ಮಹಾಡದ ಚವದಾರ್ ಕೆರೆಯ ನೀರಿಗಾಗಿ ಸತ್ಯಾಗ್ರಹವನ್ನು ನಡೆಸಿದವರೇ ಈ ಮಾತನ್ನಾಡಿದರೆಂಬುದನ್ನು ನೆನೆದರೆ ಅದರ ಭಾರ ಇನ್ನೂ ಹೆಚ್ಚುತ್ತದೆ. ಆ ಕಾಲದಲ್ಲಿ ಬೇರೆ ದಾರಿಯಿರಲಿಲ್ಲ. ಈಗ ದಾರಿ ತೆರೆದಿದೆ ಎಂಬುದು ಅವರ ಸಮಾಧಾನ. ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ತೆರೆದ ದಾರಿಯಲ್ಲಿ ಹೊರಟವನಿಗೆ ಆ ದಾರಿಯೇ ಮುಚ್ಚಿಕೊಂಡರೆ ಅವನೇನು ಮಾಡಬೇಕು? ೧೯೪೯ರ ಭಾಷಣ ಇದಕ್ಕೆ ಉತ್ತರ ಕೊಡುವುದಿಲ್ಲ. ೧೯೫೧ರ ಹೇಳಿಕೆ ಕೊಡುತ್ತದೆ.

ಮೂರನೆಯ ಎಚ್ಚರಿಕೆಯಲ್ಲಿ ೧೯೫೦ರ ಜನವರಿ ೨೬ರಂದು ನಾವು ವಿರೋಧಗಳ ಬಾಳಿಗೆ ಕಾಲಿಡುತ್ತೇವೆಂದು ಅವರು ಹೇಳಿದರು. ರಾಜಕೀಯದಲ್ಲಿ ಒಬ್ಬನಿಗೆ ಒಂದು ಮತ, ಒಂದು ಮತಕ್ಕೆ ಒಂದೇ ಬೆಲೆ. ಸಾಮಾಜಿಕ, ಆರ್ಥಿಕ ಜೀವನದಲ್ಲಿ ಒಬ್ಬ ಮನುಷ್ಯನಿಗೆ ಒಂದೇ ಬೆಲೆಯೆಂಬ ತತ್ತ್ವಕ್ಕೆ ನಿರಾಕರಣೆ. ಈ ವಿರೋಧವನ್ನು ಬೇಗ ನೀಗದಿದ್ದರೆ, ಅಸಮಾನತೆಯಿಂದ ನೊಂದವರು ಈ ಸಭೆ ಶ್ರಮಪಟ್ಟು ಕಟ್ಟಿದ ಕಟ್ಟಡವನ್ನೇ ಸಿಡಿಸಿಯಾರೆಂಬುದು ಅವರ ಭೀತಿ. ಕಟ್ಟಡವೆಂಬ ಈ ಪ್ರತಿಮೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದು ಮತ್ತೆ ಎರಡು ಸಲ ಬರುತ್ತದೆ. ಪ್ರತಿಸಲವೂ ಅಪಾಯ ಬೇರೊಂದು ದಿಕ್ಕಿನಿಂದ ಬರುತ್ತದೆ.

೪

ಸಂವಿಧಾನ ಜಾರಿಗೆ ಬಂದ ಮೇಲೆ ಅದೇ ರಚನಾ ಸಭೆ ತಾತ್ಕಾಲಿಕ ಸಂಸತ್ತಾಗಿ ಮುಂದುವರಿಯಿತು. ಮೊದಲ ಮಹಾಚುನಾವಣೆ ೧೯೫೧ರ ಅಕ್ಟೋಬರ್ ೨೫ರಂದು ಆರಂಭವಾಗಬೇಕಾಗಿದ್ದುದರಿಂದ, ಆ ವರ್ಷದ ಸೆಪ್ಟೆಂಬರ್ ತಿಂಗಳು ಈ ಸಂಸತ್ತಿನ ಪಾಲಿಗೆ ಸಂಧ್ಯಾಕಾಲವಾಗಿದ್ದಿತು. ನ್ಯಾಯಶಾಖೆಯ ಮಂತ್ರಿಗಳಾಗಿದ್ದ ಅಂಬೇಡ್ಕರರ ಕೈಯಲ್ಲಿ ಆಗ ಇದ್ದುದು ಹಿಂದೂ ಸಂಹಿತೆಯ ಮಸೂದೆ. ಇದರ ಮೂಲ, ಪೂರ್ವೋಕ್ತ ನರಸಿಂಗ ರಾಯರು ಅಧ್ಯಕ್ಷರಾಗಿದ್ದ ಹಿಂದೂ ಧರ್ಮಶಾಸ್ತ್ರ ಸಮಿತಿಯ ಕೆಲಸದಲ್ಲಿದೆ. ೧೯೪೮ರಲ್ಲಿ ಆಯ್ಕೆ ಸಮಿತಿಗೆ ಹೋಗಿ ಬಂದ ಈ ಮಸೂದೆ ವಿವಾಹ, ವಿಚ್ಛೇದನ, ದತ್ತಕ, ಉತ್ತರಾಧಿಕಾರಗಳಲ್ಲಿ ಸ್ತ್ರೀಯರಿಗೆ ಹಕ್ಕುಗಳನ್ನು ಕೊಡಲು ಹೊರಟಿತ್ತು. ಚರ್ಚೆ ವರ್ಷಗಳವರೆಗೆ ಎಳೆಯಿತು. ಕೊನೆಗೆ ವಿವಾಹ ಮತ್ತು ವಿಚ್ಛೇದನದ ಭಾಗವನ್ನಾದರೂ ಅಂಗೀಕರಿಸೋಣವೆಂದು ನಿಶ್ಚಯಿಸಿ, ಕೆಲವೇ ವಿಧಿಗಳ ಮಟ್ಟಿಗೆ ಮುಂದುವರಿದು, ಅದನ್ನೂ ಕೈಬಿಡಲಾಯಿತು. ಚುನಾವಣೆ ಸಮೀಪಿಸಿತ್ತು, ಕಾಲವಿಲ್ಲವೆಂಬುದು ಕಾರಣ.

ಸೆಪ್ಟೆಂಬರ್ ೨೭ರಂದು ಅಂಬೇಡ್ಕರರು ರಾಜೀನಾಮೆಯ ಪತ್ರವನ್ನು ಬರೆದರು. ಅಕ್ಟೋಬರ್ ತಿಂಗಳಲ್ಲಿ ಸಭೆಯ ಮುಂದೆ ಹೇಳಿಕೆ ಕೊಡಲು ಎದ್ದಾಗ, ಅದರ ಪ್ರತಿಯನ್ನು ಮುಂಚಿತವಾಗಿ ಒಪ್ಪಿಸಬೇಕೆಂಬ ಸೂಚನೆ ಪೀಠದಿಂದ ಬಂದಿತು. ಇದು ತಮ್ಮ ಮಾತಿಗೆ ಹಾಕಿದ ಅಂಕುಶವೆಂದು ಬಗೆದು ಅವರು ಸಭೆಯಿಂದ ಹೊರನಡೆದು, ಹೇಳಿಕೆಯನ್ನು ಪತ್ರಿಕೆಗಳಿಗೆ ಕೊಟ್ಟರು. ಸಂವಿಧಾನದ ಕರಡನ್ನು ಸಭೆಯ ಮುಂದಿಟ್ಟು ಅದನ್ನು ಅಂಗೀಕಾರದವರೆಗೆ ನಡೆಸಿದವರ ವಿದಾಯದ ಮಾತು ಆ ಸಭಾಂಗಣದಲ್ಲಿ ಕೇಳಿಸದೆ ಹೋಯಿತು.

ಈ ಹೇಳಿಕೆಯ ಶೈಲಿ ೧೯೪೯ರ ಭಾಷಣದ ಶೈಲಿಯಲ್ಲ. ಅಲ್ಲಿ ಪ್ರಶಾಂತವಾದ ವಾಕ್ಯಗಳು, ಚರಿತ್ರೆಯ ವಿಸ್ತಾರ, ಪ್ರತಿಪಕ್ಷಕ್ಕೆ ಸಲ್ಲಿಸಿದ ಗೌರವ. ಇಲ್ಲಿ ನೇರವಾದ, ಒಮ್ಮೊಮ್ಮೆ ಕಟುವಾದ ನುಡಿ. ತಮಗೆ ಆಡಳಿತದ ಮಹತ್ತ್ವದ ಶಾಖೆಗಳನ್ನು ವಹಿಸದೆ ಇದ್ದುದು, ಪರಿಶಿಷ್ಟ ಜಾತಿಗಳ ವಿಷಯದಲ್ಲಿ ಸರ್ಕಾರದ ಉದಾಸೀನ, ವಿದೇಶಾಂಗ ನೀತಿ, ಮಂತ್ರಿಮಂಡಲದ ನಿರ್ಣಯಗಳು ಉಪಸಮಿತಿಗಳಲ್ಲೇ ಆಗಿಬರುತ್ತಿದ್ದುದು, ಇವನ್ನೆಲ್ಲ ಎಣಿಸಿ, ಕೊನೆಗೆ ಹಿಂದೂ ಸಂಹಿತೆಗೆ ಬರುತ್ತಾರೆ. ಇಲ್ಲಿ ವೈಯಕ್ತಿಕ ಅಸಮಾಧಾನ ಬೆರೆತಿದೆಯೆಂಬ ಆಕ್ಷೇಪವನ್ನು ನಾವು ಅಲ್ಲಗಳೆಯುವುದಿಲ್ಲ. ಲೆಕ್ಕದ ಮಾತಿಗೂ ದೂರಿನ ಮಾತಿಗೂ ನಡುವಣ ಗೆರೆ ತೆಳುವಾದುದು; ಈ ಹೇಳಿಕೆ ಒಂದೆರಡು ಕಡೆ ಅದನ್ನು ದಾಟುತ್ತದೆ. ಆದರೆ ಹಿಂದೂ ಸಂಹಿತೆಯ ಭಾಗಕ್ಕೆ ಬಂದಾಗ ಧಾಟಿ ಬದಲಾಗುತ್ತದೆ. ವರ್ಗವರ್ಗಗಳ ನಡುವಣ, ಸ್ತ್ರೀಪುರುಷರ ನಡುವಣ ಅಸಮಾನತೆಯನ್ನು ಮುಟ್ಟದೆ ಬಿಟ್ಟು, ಆರ್ಥಿಕ ಶಾಸನಗಳನ್ನು ಮಾತ್ರ ಮಾಡುತ್ತ ಹೋಗುವುದು ತಿಪ್ಪೆಯ ಮೇಲೆ ಅರಮನೆಯನ್ನು ಕಟ್ಟಿದಂತೆ ಎಂಬುದು ಅಲ್ಲಿನ ಮಾತಿನ ಸಾರ.

೧೯೪೯ರ ಕಟ್ಟಡದ ಪ್ರತಿಮೆ ಇಲ್ಲಿ ಮತ್ತೆ ಬಂದಿತು. ಆದರೆ ವ್ಯತ್ಯಾಸವನ್ನು ನೋಡಬೇಕು. ೧೯೪೯ರಲ್ಲಿ ಕಟ್ಟಡ ಗಟ್ಟಿಯಾಗಿಯೇ ಇದೆ. ಅಪಾಯ ಹೊರಗಿನಿಂದ, ನೊಂದವರ ಕ್ರೋಧದಿಂದ. ೧೯೫೧ರಲ್ಲಿ ಅಪಾಯ ಅಡಿಪಾಯದಲ್ಲೇ ಇದೆ. ಎರಡು ವರ್ಷಗಳಲ್ಲಿ ವಕ್ತೃವಿನ ದೃಷ್ಟಿ ಕಟ್ಟಡದ ಗೋಡೆಯಿಂದ ನೆಲಕ್ಕೆ ಇಳಿದಿದೆ. ಮುಂದಿನ ಪೀಳಿಗೆಗಳ ಋಣವೆಂದು ೧೯೪೯ರಲ್ಲಿ ಸಾಮಾನ್ಯ ತತ್ತ್ವವಾಗಿ ಹೇಳಿದ್ದು, ೧೯೫೧ರಲ್ಲಿ ಒಂದು ನಿರ್ದಿಷ್ಟ ಮಸೂದೆಯ ಹೆಸರನ್ನೂ, ಅದನ್ನು ತೀರಿಸದೆ ಹೋದ ಒಂದು ನಿರ್ದಿಷ್ಟ ಸಭೆಯ ಹೆಸರನ್ನೂ ಪಡೆಯಿತು. ಆದ್ದರಿಂದಲೇ ಇವು ಒಂದೇ ಲೆಕ್ಕದ ಎರಡು ಪುಟಗಳೆಂದು ನಾವು ಹೇಳಿದುದು.

ಹಿಂದಿನ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ದೊರೆಯುತ್ತದೆ. ದಾರಿ ಮುಚ್ಚಿಕೊಂಡಾಗ ಅವರು ಅರಾಜಕತೆಯ ವ್ಯಾಕರಣಕ್ಕೆ ಹಿಂದಿರುಗಲಿಲ್ಲ. ಪದವಿಯನ್ನು ಬಿಟ್ಟರು, ಕಾರಣವನ್ನು ಜನರ ಮುಂದಿಟ್ಟರು, ಚುನಾವಣೆಗೆ ನಿಂತರು, ಮುಂಬಯಿಯಲ್ಲಿ ಸೋತರು, ೧೯೫೨ರಲ್ಲಿ ರಾಜ್ಯಸಭೆಯನ್ನು ಪ್ರವೇಶಿಸಿ ಮತ್ತೆ ಮಾತನಾಡಿದರು. ಕೊನೆಯ ದಿನದ ಭಾಷಣದ ಸತ್ಯಾಸತ್ಯತೆಗೆ ಭಾಷಣದೊಳಗೆ ಪ್ರಮಾಣವಿರುವುದಿಲ್ಲ. ಅನಂತರದ ನಡತೆಯೇ ಪ್ರಮಾಣ.

೫

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕಾಗಿದೆ. ೧೯೫೩ರ ಸೆಪ್ಟೆಂಬರ್ ೨ರಂದು ರಾಜ್ಯಸಭೆಯಲ್ಲಿ, ಸಂವಿಧಾನವನ್ನು ಸುಡುವುದಾದರೆ ಅದನ್ನು ಸುಡುವವರಲ್ಲಿ ತಾವೇ ಮೊದಲಿಗರೆಂಬರ್ಥದ ಮಾತು ಅಂಬೇಡ್ಕರರಿಂದ ಬಂದುದುಂಟು. ಇದನ್ನು ಹಿಡಿದು, ೧೯೪೯ರ ಭಾಷಣವನ್ನು ಸ್ವತಃ ವಕ್ತೃವೇ ಹಿಂತೆಗೆದುಕೊಂಡರೆಂದು ವಾದಿಸುವವರಿದ್ದಾರೆ. ಇನ್ನು ಕೆಲವರು ಈ ಮಾತನ್ನು ಪ್ರಸ್ತಾಪಿಸುವುದೇ ಅನುಚಿತವೆಂದು ಭಾವಿಸಿ ಅದನ್ನು ಮರೆಮಾಡುತ್ತಾರೆ. ಇವೆರಡೂ ವಿಮರ್ಶೆಯ ಮಾರ್ಗಗಳಲ್ಲ.

೧೯೫೫ರ ಮಾರ್ಚ್ ೧೯ರಂದು ಅದೇ ಸಭೆಯಲ್ಲಿ ಸದಸ್ಯರೊಬ್ಬರು ಹಿಂದಿನ ಮಾತನ್ನು ನೆನಪಿಸಿದಾಗ ಅವರು ವಿವರಣೆ ಕೊಟ್ಟರು. ದೇವರಿಗಾಗಿ ನಾವು ದೇವಾಲಯವನ್ನು ಕಟ್ಟಿದೆವು. ದೇವರು ಬಂದು ನೆಲಸುವ ಮುನ್ನವೇ ಅಸುರರು ಬಂದು ಸೇರಿಕೊಂಡರೆ ದೇವಾಲಯವನ್ನು ಕೆಡಹುವುದಲ್ಲದೆ ಬೇರೇನಿದೆ ಎಂಬುದು ಅದರ ಭಾವ. ಕಟ್ಟಡದ ಪ್ರತಿಮೆ ಇಲ್ಲಿ ಮೂರನೆಯ ಸಲ ಬಂದಿದೆ. ಅಪಾಯ ಈಗ ಹೊರಗಿನದಲ್ಲ, ಅಡಿಪಾಯದ್ದೂ ಅಲ್ಲ, ಒಳಗೆ ಕುಳಿತವರಿಂದ. ೧೯೪೯ರ ಭಾಷಣದಲ್ಲಿಯೇ, ಸಂವಿಧಾನ ಎಷ್ಟು ಒಳ್ಳೆಯದಾಗಿದ್ದರೂ ಅದನ್ನು ನಡೆಸುವವರು ಕೆಟ್ಟವರಾದರೆ ಅದು ಕೆಡುವುದೆಂದು ಅವರು ಹೇಳಿದ್ದರು. ಹಾಗಾಗಿ ೧೯೫೫ರ ಮಾತು ಹಿಂದಿನದರ ನಿರಾಕರಣೆಯಲ್ಲ. ಅಲ್ಲಿ ಷರತ್ತಾಗಿ ಹೇಳಿದ್ದು ಇಲ್ಲಿ ನೋವಾಗಿ ಹೊರಬಂದಿದೆ. ಹೊರಗಿನ ಕ್ರೋಧ, ಕೆಳಗಿನ ಕೊಳೆ, ಒಳಗಿನ ಆಕ್ರಮಣ: ಆರು ವರ್ಷಗಳೊಳಗೆ ಒಂದೇ ಪ್ರತಿಮೆ ಈ ಮೂರು ಅವಸ್ಥೆಗಳನ್ನು ಹಾದುಬಂದುದನ್ನು ಕಂಡವರಿಗೆ, ೧೯೪೯ರ ಭಾಷಣ ನಿಶ್ಚಲವಾದ ಶಾಸನವಾಗಿ ತೋರದೆ, ಬೆಳೆಯುತ್ತ ಹೋದ ಒಂದು ಚಿಂತೆಯ ಮೊದಲ ಪಾದವಾಗಿ ತೋರುತ್ತದೆ.

ಕಟ್ಟಡದ ಮಾತು ಬಂದುದರಿಂದ ಹನುಮಂತಯ್ಯನವರ ವಿಷಯವನ್ನು ಪೂರ್ಣಗೊಳಿಸಬಹುದು. ವೀಣೆಯ ನಾದವನ್ನು ಬಯಸಿದ್ದ ಅವರು ೧೯೫೨ರಿಂದ ೧೯೫೬ರವರೆಗೆ ಮೈಸೂರಿನ ಮುಖ್ಯಮಂತ್ರಿಗಳಾಗಿದ್ದರು. ೧೯೫೧ರಲ್ಲಿ ಶಂಕುಸ್ಥಾಪನೆಯಾಗಿದ್ದ ವಿಧಾನಸೌಧಕ್ಕೆ ದ್ರಾವಿಡ ಶಿಲ್ಪದ ಭವ್ಯರೂಪವನ್ನು ಕೊಟ್ಟವರು ಅವರೇ. ೧೯೫೬ರಲ್ಲಿ ಅದು ಪೂರ್ಣವಾಯಿತು. ಅವರೂ ತಮ್ಮ ಕೊನೆಯ ದಿನಗಳ ಕೊರಗನ್ನು ಮರೆಯದೆ, ಕೈಗೆ ಅಧಿಕಾರ ಬಂದಾಗ ಕಲ್ಲಿನಲ್ಲಿ ಉತ್ತರ ಕೊಟ್ಟರೆನ್ನಬಹುದು. ಆದರೂ ಆ ಸೌಧದೊಳಗೆ ಪ್ರಶ್ನೋತ್ತರ, ಗೊತ್ತುವಳಿ, ಮೂರು ವಾಚನಗಳ ಕ್ರಮ ಇಂಗ್ಲಿಷ್ ಮೇಳದ ಸ್ವರಲಿಪಿಯಂತೆಯೇ ನಡೆದುಬಂದಿದೆ. ರೂಪದ ಬಾಕಿಯನ್ನು ತೀರಿಸುವುದು ಒಬ್ಬ ಸಮರ್ಥನಿಂದ ಸಾಧ್ಯ. ಸಮಾಜದ ಬಾಕಿ ಹಾಗಲ್ಲ.

೬

ಸಮಾಜದ ಬಾಕಿ ಹೇಗೆ ತೀರುತ್ತದೆಂಬುದಕ್ಕೆ ಹಿಂದೂ ಸಂಹಿತೆಯ ಮುಂದಿನ ಚರಿತ್ರೆಯೇ ಸಾಕ್ಷಿ. ೧೯೫೨ರ ಮೇ ೧೩ರಂದು ಮೊದಲು ಸೇರಿದ ಪ್ರಥಮ ಲೋಕಸಭೆಯ ಕಾಲದಲ್ಲಿ ಆ ಮಸೂದೆಯನ್ನು ಬಿಡಿಬಿಡಿಯಾಗಿ ಅಂಗೀಕರಿಸಲಾಯಿತು: ೧೯೫೫ರಲ್ಲಿ ವಿವಾಹ ಶಾಸನ; ೧೯೫೬ರಲ್ಲಿ ಉತ್ತರಾಧಿಕಾರ, ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ, ದತ್ತಕ ಮತ್ತು ಜೀವನಾಂಶದ ಶಾಸನಗಳು. ೧೯೫೭ರ ಮಾರ್ಚ್ ೨೮ರಂದು ಆ ಸಭೆಯ ಕೊನೆಯ ದಿನ ಪ್ರಧಾನಮಂತ್ರಿ ಜವಾಹರಲಾಲ ನೆಹರೂ ಅವರು ವಿದಾಯದ ಭಾಷಣ ಮಾಡಿದರು. ಚುನಾವಣೆಯ ಬಹುಭಾಗ ಆಗಲೇ ಮುಗಿದಿತ್ತು. ಮರಳಿ ಬರುವವರೂ ಬಾರದವರೂ ಒಂದೇ ಸಾಲಿನಲ್ಲಿ ಕುಳಿತಿದ್ದರು. ಚರಿತ್ರೆಯ ಅಂಚಿನಲ್ಲಿ ನಿಂತು ಕೆಲಸ ಮಾಡಿದೆವು, ಕೆಲವೊಮ್ಮೆ ಅದನ್ನು ನಿರ್ಮಿಸುವ ಕಾರ್ಯದಲ್ಲೇ ಮುಳುಗಿದೆವು, ಅದಕ್ಕೆ ಯೋಗ್ಯರಾಗಿದ್ದೆವೋ ಇಲ್ಲವೋ ಅದು ಬೇರೆ ಮಾತು ಎಂಬ ಭಾವ ಆ ಭಾಷಣದಲ್ಲಿದೆ. ಇದು ಮಂಗಳದ ಜಾತಿಗೆ ಸೇರಿದ ಮಾತಾದರೂ, ಯೋಗ್ಯತೆಯ ಪ್ರಶ್ನೆಯನ್ನು ತೆರೆದಿಟ್ಟುದರಿಂದ ಆ ಜಾತಿಯಲ್ಲಿ ಉತ್ತಮವಾದುದು. ೧೯೫೧ರಲ್ಲಿ ಕೈಬಿಟ್ಟುದನ್ನು ೧೯೫೬ರೊಳಗೆ ಬಹುಮಟ್ಟಿಗೆ ತೀರಿಸಿದ ಸಭೆಗೆ ಮಂಗಳವನ್ನು ಹಾಡಿಕೊಳ್ಳುವ ಅಧಿಕಾರವಿತ್ತೆಂಬುದನ್ನೂ ನಾವು ಒಪ್ಪಬೇಕು. ಬಾಕಿಯನ್ನು ಬರೆದಿಟ್ಟವರು ಮಾತ್ರ ಅದನ್ನು ಕೇಳಲು ಇರಲಿಲ್ಲ. ೧೯೫೬ರ ಡಿಸೆಂಬರ್ ೬ರಂದು ಅಂಬೇಡ್ಕರರು ತೀರಿಕೊಂಡಿದ್ದರು.

ಆದರೂ ಬಾಕಿ ಪೂರ್ತಿಯಾಗಿ ತೀರಿರಲಿಲ್ಲ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಬರುವ ಮಿತಾಕ್ಷರ ಪದ್ಧತಿಯನ್ನು ತೆಗೆದುಹಾಕಬೇಕೆಂದು ಅಂಬೇಡ್ಕರರ ಮಸೂದೆ ಸೂಚಿಸಿತ್ತು. ೧೯೫೬ರ ಶಾಸನ ಅದನ್ನು ಉಳಿಸಿಕೊಂಡಿತು. ಮಿತಾಕ್ಷರವಾದರೋ ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ಗ್ರಂಥ. ಅದರ ಪದ್ಧತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಭಾಗಿತ್ವವನ್ನು ಕೊಟ್ಟ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಲ್ಲಿನ ತಿದ್ದುಪಡಿ ಜಾರಿಗೆ ಬಂದುದು ೧೯೯೪ರಲ್ಲಿ. ದೇಶಕ್ಕೆಲ್ಲ ಅದು ಅನ್ವಯವಾದುದು ೨೦೦೫ರಲ್ಲಿ. ೧೯೫೧ರ ಹೇಳಿಕೆಯಲ್ಲಿ ಬರೆದಿಟ್ಟ ಬಾಕಿಯ ಒಂದು ಬಾಬು ತೀರಲು ಐವತ್ತನಾಲ್ಕು ವರ್ಷಗಳು ಬೇಕಾದುವು.

ಸಂವಿಧಾನದ ೧೦೭ನೆಯ ಅನುಚ್ಛೇದದ ಪ್ರಕಾರ ಲೋಕಸಭೆ ವಿಸರ್ಜನೆಯಾದಾಗ ಅದರಲ್ಲಿ ಉಳಿದ ಮಸೂದೆಗಳೂ, ಅದು ಅಂಗೀಕರಿಸಿ ರಾಜ್ಯಸಭೆಯಲ್ಲಿ ಉಳಿದ ಮಸೂದೆಗಳೂ ತಾವಾಗಿಯೇ ಬಿದ್ದುಹೋಗುತ್ತವೆ. ಸ್ತ್ರೀಯರಿಗೆ ಶಾಸನಸಭೆಗಳಲ್ಲಿ ಸ್ಥಾನಗಳನ್ನು ಕಾದಿರಿಸುವ ಮಸೂದೆ ಇದಕ್ಕೆ ದೊಡ್ಡ ಉದಾಹರಣೆ. ದೇವೇಗೌಡರು ಪ್ರಧಾನಮಂತ್ರಿಗಳಾಗಿದ್ದಾಗ ೧೯೯೬ರ ಸೆಪ್ಟೆಂಬರ್ ೧೨ರಂದು ಅದು ಮೊದಲು ಮಂಡನೆಯಾಯಿತು; ಆ ಲೋಕಸಭೆಯೊಡನೆ ಬಿದ್ದುಹೋಯಿತು. ಮತ್ತೆ ಮತ್ತೆ ಎದ್ದು, ೨೦೧೦ರ ಮಾರ್ಚ್ ೯ರಂದು ರಾಜ್ಯಸಭೆಯ ಅಂಗೀಕಾರವನ್ನು ಪಡೆದರೂ, ೨೦೧೪ರಲ್ಲಿ ಲೋಕಸಭೆಯ ವಿಸರ್ಜನೆಯೊಡನೆ ಮತ್ತೊಮ್ಮೆ ಬಿದ್ದಿತು. ೨೦೨೩ರ ಸೆಪ್ಟೆಂಬರಿನಲ್ಲಿ ಹೊಸ ಮಸೂದೆಯೊಂದು ಎರಡೂ ಸದನಗಳಲ್ಲಿ ಅಂಗೀಕಾರವಾಗಿ ನೂರಾ ಆರನೆಯ ತಿದ್ದುಪಡಿಯಾಯಿತು. ಜಾರಿಯನ್ನು ಮಾತ್ರ ಅದು ಜನಗಣತಿಗೂ ಕ್ಷೇತ್ರಗಳ ಪುನರ್ವಿಂಗಡಣೆಗೂ ಕಟ್ಟಿಹಾಕಿತು. ಹೀಗೆ ಮಸೂದೆಗಳು ಸಭೆಯೊಡನೆ ಸಾಯುತ್ತವೆ. ಋಣ ಸಾಯುವುದಿಲ್ಲ. ಸಾಯದಿರಬೇಕಾದರೆ ಹೋಗುವವರು ಅದನ್ನು ಹೇಳಿ ಹೋಗಬೇಕು. ಇದೇ ಕೊನೆಯ ದಿನಗಳ ಮಾತಿನ ನಿಜವಾದ ಪ್ರಯೋಜನ.

೭

ಲೆಕ್ಕವನ್ನು ಒಪ್ಪಿಸುವ ಪ್ರಸಂಗ ಬರುವುದು ಅವಧಿಯೆಂಬುದೊಂದು ಇರುವುದರಿಂದಲೇ. ತುರ್ತುಪರಿಸ್ಥಿತಿಯ ಕಾಲದಲ್ಲಿ ಐದನೆಯ ಲೋಕಸಭೆ ತನ್ನ ಅವಧಿಯನ್ನು ತಾನೇ ಮುಂದೂಡಿಕೊಂಡಿತು. ನಲವತ್ತೆರಡನೆಯ ತಿದ್ದುಪಡಿ ಲೋಕಸಭೆಯ ಆಯುಸ್ಸನ್ನು ಆರು ವರ್ಷಗಳಿಗೆ ಏರಿಸಿತು. ೧೯೭೬ರಲ್ಲಿ ಮಧು ಲಿಮಯೆ, ಶರದ್ ಯಾದವ್ ಇಬ್ಬರೂ ಜನರು ಕೊಟ್ಟ ಅವಧಿ ತೀರಿತೆಂದು ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ನಲವತ್ತನಾಲ್ಕನೆಯ ತಿದ್ದುಪಡಿ ಐದು ವರ್ಷಗಳ ಮಿತಿಯನ್ನು ಮತ್ತೆ ಸ್ಥಾಪಿಸಿತು. ಕೊನೆಯ ದಿನವನ್ನು ಮುಂದೂಡಿದ ಸಭೆ ಲೆಕ್ಕದ ದಿನವನ್ನೇ ಮುಂದೂಡಿತೆಂಬುದನ್ನು ಆ ಇಬ್ಬರ ಮೌನನಿರ್ಗಮನ ಯಾವ ಭಾಷಣಕ್ಕೂ ಕಡಮೆಯಿಲ್ಲದೆ ಹೇಳುತ್ತದೆ.

ಅಂಬೇಡ್ಕರರ ೧೯೪೯ರ ಭಾಷಣ ಮುಗಿಯುವುದು ಹರಕೆಯಿಂದಲ್ಲ. ಸ್ವಾತಂತ್ರ್ಯ ಬಂದುದರಿಂದ, ಕೆಟ್ಟುದಕ್ಕೆಲ್ಲ ಬ್ರಿಟಿಷರನ್ನು ದೂರುವ ಸೌಕರ್ಯವನ್ನು ನಾವು ಕಳೆದುಕೊಂಡಿದ್ದೇವೆ, ಇನ್ನು ಮು೦ದೆ ದೂರಬೇಕಾದುದು ನಮ್ಮನ್ನೇ ಎಂಬುದು ಅಲ್ಲಿನ ಕೊನೆಯ ಮಾತುಗಳಲ್ಲಿ ಒಂದು. ಮೂರು ಎಚ್ಚರಿಕೆಗಳನ್ನು ಗೋಡೆಯ ಬರಹವಾಗಿ ತೂಗುಹಾಕಿದರೆ ಈ ಮಾತಿನ ಸಂಬೋಧನೆ ನಮ್ಮನ್ನು ಮುಟ್ಟುವುದಿಲ್ಲ. ಅಧ್ಯಾಪಕರು ೧೯೪೯ರ ಭಾಷಣವನ್ನು ಅದರ ಅಂಕಿಗಳಿಂದ ಆರಂಭಿಸಿ ಕೊನೆಯವರೆಗೂ ಓದಿಸಿ, ಅದರ ಪಕ್ಕದಲ್ಲಿ ೧೯೫೧ರ ಹೇಳಿಕೆಯನ್ನೂ ಇಟ್ಟು, ಯಾವ ಬಾಬು ತೀರಿತು, ಯಾವುದು ಉಳಿಯಿತು ಎಂದು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸುವುದು ಲೇಸೆಂದು ನಮಗೆ ತೋರುತ್ತದೆ. ಲೆಕ್ಕದ ಪುಸ್ತಕವನ್ನು ಪೂಜಿಸುವುದಕ್ಕಿಂತ ತೆರೆದು ನೋಡುವುದು ಅದನ್ನು ಬರೆದಿಟ್ಟವರಿಗೆ ಸಲ್ಲಿಸುವ ಹೆಚ್ಚಿನ ಗೌರವ.